ವೃತ್ತದಲ್ಲಿ ಮಾಸ್ತರರ ಜಾಗ

ಬ್ಯಾಗ್‌ಪೈಪ್ ಊದುತ್ತೇನೆ ಎಂದರೆ ಇಲ್ಲಿ ಜರ್ಮನಿಯಲ್ಲಿರುವ ನಮ್ಮ ಕನ್ನಡದ ಜನ ಮೊದಲು ನಗುತ್ತಾರೆ, ಆಮೇಲೆ ಪಾಪ ಎನ್ನುವಂತೆ ನನ್ನ ಗಂಡನ ಮುಖ ನೋಡುತ್ತಾರೆ. ಬಾಡಿಗೆ ಮನೆಯಲ್ಲಿ ಇದನ್ನು ಊದುವಂತಿಲ್ಲ. ರೂಹೆಟ್ಸೈಟ್, ಅಂದರೆ ಸದ್ದು ಮಾಡಬಾರದ ಹೊತ್ತು, ಮುಗಿದಿದ್ದರೂ ಪಕ್ಕದವರು ಬಾಗಿಲು ಬಡಿಯುತ್ತಾರೆ. ಹಾಗಾಗಿ ಆಫೀಸಿನಲ್ಲಿ ಬ್ರೇಕಿನ ಸಾಫ್ಟ್‌ವೇರ್ ಕೆಲಸ ಮುಗಿಸಿ, ಅಬ್‌ಸ್ಟಾಟ್ ಊರಾಚೆಯ ದ್ರಾಕ್ಷಿ ತೋಟಗಳ ದಾರಿಯಲ್ಲಿ ಅಡ್ಡಾಡುತ್ತ ಊದುತ್ತೇನೆ. ಸ್ಪರ್ಧೆಗೆ ಹೋಗುತ್ತೇನೆ, ಟ್ಯೂನ್ ಕಟ್ಟುತ್ತೇನೆ, ಮಂಗಳವಾರ ಸಂಜೆ ಹೊಸಬರಿಗೆ ಕಲಿಸುತ್ತೇನೆ. ಬಾಗಲಕೋಟೆಯಲ್ಲಿರುವ ನಮ್ಮ ಅವ್ವನಿಗೆ ಮಾತ್ರ ಇದನ್ನು ಇನ್ನೂ ಪೂರ್ತಿ ವಿವರಿಸಿಲ್ಲ.

ಈ ಹುಚ್ಚು ಹಿಡಿಸಿದವರು ಊರಿನ ಹಲ್ಲಿನ ಡಾಕ್ಟರು. ನನ್ನ ದವಡೆ ಹಲ್ಲು ಕಿತ್ತ ದಿನ, ಅವರ ಗೋಡೆಯ ಮೇಲಿದ್ದ ಬ್ಯಾಗ್‌ಪೈಪ್ ಬ್ಯಾಂಡಿನ ಫೋಟೋ ನೋಡಿ ಇದೇನು ಎಂದು ಕೇಳಿದ್ದೇ ತಪ್ಪಾಯಿತು. ಬಾಯಿ ವಾಸಿಯಾದ ಮೇಲೆ ಬಾ ಎಂದರು. ಹೋದೆ. ಅಂದಿನಿಂದ ನಾನು ಅವರನ್ನು ಮಾಸ್ತರು ಎಂದೇ ಕರೆಯುತ್ತೇನೆ, ಆ ಜರ್ಮನ್ ಮನುಷ್ಯನಿಗೂ ಅದು ರೂಢಿಯಾಗಿದೆ. ಅವರ ಹತ್ತಿರ ತಿಂದಷ್ಟು ಬೈಗುಳ ನಾನು ಜನ್ಮದಲ್ಲಿ ಬೇರೆ ಯಾರಿಂದಲೂ ತಿಂದಿಲ್ಲ.

ಈ ವಾದ್ಯದಲ್ಲಿ ಉಸಿರು ನೇರವಾಗಿ ಕೊಳವೆಗೆ ಹೋಗುವುದಿಲ್ಲ. ಬಾಯಿಂದ ಚೀಲ ತುಂಬಿಸಿ, ತೋಳಿನಿಂದ ಅದನ್ನು ಒತ್ತಬೇಕು. ಬೆರಳಾಡಿಸುವ ಕೆಳಗಿನ ಕೊಳವೆಯಲ್ಲಿ ಟ್ಯೂನ್ ಹೊರಡುತ್ತದೆ. ಒತ್ತಡ ಒಂದೇ ಸಮ ಇದ್ದರೆ ಹೆಗಲ ಮೇಲಿನ ಮೂರು ಕೊಳವೆಗಳು ತಂಬೂರಿಯ ಹಾಗೆ ಶ್ರುತಿ ಹಿಡಿಯುತ್ತವೆ. ಒತ್ತಡ ತಪ್ಪಿದರೆ ಶ್ರುತಿ ಓಲಾಡುತ್ತದೆ, ಒಬ್ಬರದು ಓಲಾಡಿದರೆ ಇಡೀ ಬ್ಯಾಂಡು ಕೆಡುತ್ತದೆ. ಹೋದ ಚಳಿಗಾಲ ಮಾಸ್ತರರ ಶ್ವಾಸಕೋಶಕ್ಕೆ ಕಾಯಿಲೆ ಬಂತು. ಗುಣವಾಯಿತು, ಆದರೆ ಉಸಿರು ಮೊದಲಿನಂತೆ ಆಗಲಿಲ್ಲ. ಅವರ ಶ್ರುತಿ ಓಲಾಡತೊಡಗಿತು. ಅದು ಅವರಿಗೆ ಗೊತ್ತಾಗುತ್ತಿಲ್ಲ ಎಂದು ನಾವೆಲ್ಲ ಅಂದುಕೊಂಡೆವು.

ಅಷ್ಟರಲ್ಲಿ ಬ್ಯಾಂಡಿನ ಮುಂದಾಳು ನಾನಾಗಿದ್ದೆ. ಬೇಸಿಗೆಯ ಸ್ಪರ್ಧೆ ಹತ್ತಿರವಿತ್ತು. ಕನಿಷ್ಠ ಇಷ್ಟು ಜನ ಊದುವವರು ಇರಲೇಬೇಕು ಎಂಬುದು ನಿಯಮ, ಮಾಸ್ತರರನ್ನು ಬಿಟ್ಟರೆ ನಮ್ಮಲ್ಲಿ ಅಷ್ಟು ಜನ ಇರಲಿಲ್ಲ. ಇಂಥ ಹೊತ್ತಿಗೆಂದೇ ಬ್ಯಾಂಡುಗಳಲ್ಲಿ ಒಂದು ಹಳೆಯ ಉಪಾಯವಿದೆ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸರಿಯಾಗಿ ಊದಲು ಬಾರದವರ ಕೊಳವೆಗಳ ಒಳಗೆ ಬಿರಡೆ ಹಾಕಿಬಿಡುತ್ತಾರೆ. ಅವರು ಸಾಲಿನಲ್ಲಿ ನಡೆಯುತ್ತಾರೆ, ಕೆನ್ನೆ ಉಬ್ಬಿಸುತ್ತಾರೆ, ಬೆರಳು ಆಡಿಸುತ್ತಾರೆ, ಸದ್ದು ಬರುವುದಿಲ್ಲ. ಅದು ಹೊಸಬರಿಗೆ ಮಾಡುವ ಕೆಲಸ. ಈಗ ಮಾಸ್ತರರಿಗೇ ಬಿರಡೆ ಹಾಕಬೇಕು, ಅದನ್ನು ನೀನೇ ಹೇಳಬೇಕು ಎಂದು ಬ್ಯಾಂಡಿನವರು ನನ್ನ ತಲೆಗೆ ಕಟ್ಟಿದರು. ಮೇಲಾಗಿ ಸ್ಪರ್ಧೆಗೆ ಆರಿಸಿದ ನಿಧಾನದ ಟ್ಯೂನ್ ನನ್ನದು. ಮಾಸ್ತರು ಆಸ್ಪತ್ರೆಯಲ್ಲಿದ್ದಾಗ ಕಟ್ಟಿದ್ದು. ಅದನ್ನೊಮ್ಮೆ ಮೈದಾನದಲ್ಲಿ ಊದಬೇಕು ಎಂದು ಅವರು ಆಸೆಪಟ್ಟಿದ್ದರು.

"ಹೇಳಿದೇನು?" ಎಂದು ಗಂಡ ಕೇಳಿದ.

"ಹ್ಯಾಂಗ ಹೇಳ್ಲಿ? ಈ ಬೆರಳಿಗೆ ಕಲಿಸಿದವರ ಅವರು."

"ನೀ ಹೇಳಲಿಲ್ಲಂದ್ರ ಫೀಲ್ಡ್‌ನ್ಯಾಗ ಜಡ್ಜ್ ಹೇಳ್ತಾನ. ಅದು ಚಂದ ಇರ್ತದೇನು? ನಾಳೆ ಪ್ರೋಬೆ ಮುಗದ ಮ್ಯಾಲೆ ಕಾರಿನ್ಯಾಗ ಕೂಡಿಸ್ಕೊಂಡು ಡೈರೆಕ್ಟ್ ಹೇಳಿಬಿಡು."

ಮಗಳು ಮೊಬೈಲಿನಿಂದ ತಲೆ ಎತ್ತದೆ, "ಆರ್ಮರ್ ಮಾಸ್ತರ್," ಎಂದಳು. ಪಾಪ ಮಾಸ್ತರು ಅಂತ.

ಮರುದಿನ ಪ್ರೋಬೆ, ಅಂದರೆ ಬ್ಯಾಂಡಿನ ತಾಲೀಮು, ಮುಗಿದ ಮೇಲೆ ಮಾಸ್ತರರನ್ನು ಕಾರಿನಲ್ಲಿ ಕೂರಿಸಿಕೊಂಡೆ. ಹವೆಯ ಬಗ್ಗೆ ಮಾತಾಡಿದೆ, ಈ ಸಲದ ದ್ರಾಕ್ಷಿಯ ಬಗ್ಗೆ ಮಾತಾಡಿದೆ, ಅವರ ಮನೆ ಮುಂದೆ ಇಳಿಸಿ ಬಂದೆ. ವಾಪಸು ಬರುವಾಗ ನನ್ನ ಮೇಲೆ, ಬ್ಯಾಂಡಿನ ಮೇಲೆ, ಆ ಹಾಳು ನಿಯಮದ ಮೇಲೆ ಸಿಟ್ಟು ಬಂತು. ಸೋತರೆ ಸೋಲೋಣ, ಮಾಸ್ತರು ಊದಲಿ ಎಂದು ಗಟ್ಟಿ ಮಾಡಿಕೊಂಡೆ.

ಸ್ಪರ್ಧೆಯ ದಿನ ಮೈದಾನಕ್ಕೆ ಇಳಿಯುವ ಮುಂಚೆ ಮುಂದಾಳು ಒಬ್ಬೊಬ್ಬರ ಬಳಿ ಹೋಗಿ, ಹೆಗಲಿನ ಕೊಳವೆಗಳಿಗೆ ಕಿವಿಗೊಟ್ಟು ಶ್ರುತಿ ಕೂಡಿಸಬೇಕು. ಮಾಸ್ತರರ ಹತ್ತಿರ ಬಂದೆ. ಚೀಲ ತುಂಬಿತ್ತು, ಕೆನ್ನೆ ಉಬ್ಬಿತ್ತು, ಬೆರಳುಗಳು ನನ್ನ ಟ್ಯೂನಿನ ಮೊದಲ ಸಾಲನ್ನು ಆಡುತ್ತಿದ್ದವು. ಸದ್ದಿರಲಿಲ್ಲ. ಯಾರೂ ಹೇಳುವ ಮೊದಲೇ ತಾವೇ ಬಿರಡೆ ಹಾಕಿಕೊಂಡು ಬಂದಿದ್ದರು.

ಅವರು ಬಾಯಿಂದ ಕೊಳವೆ ತೆಗೆದು, "ನನ್ನದು ಶ್ರುತಿಯಾಗಿದೆ. ಮುಂದಿನವರನ್ನು ನೋಡು," ಎಂದರು.

ಎಲ್ಲರೂ ನೋಡುತ್ತಿದ್ದರು. ನಾನು ಅವರ ಕೊಳವೆಗೆ ಕಿವಿಯಿಟ್ಟೆ, ಒಂದಿಷ್ಟು ತಿರುಗಿಸಿದೆ, ಸರಿಯಾಯಿತು ಎಂಬಂತೆ ತಲೆಯಾಡಿಸಿ ಮುಂದೆ ಹೋದೆ. ಕಣ್ಣು ತುಂಬಿ ಮುಂದಿನವರ ಮುಖ ಕಾಣಲಿಲ್ಲ.

ವೃತ್ತ ಕಟ್ಟಿ ನಿಂತು ಊದಿದೆವು. ಹೊರಗೆ ಸುತ್ತುತ್ತಿದ್ದ ಜಡ್ಜ್ ಮಾಸ್ತರರ ಬೆನ್ನ ಹಿಂದೆ ಸ್ವಲ್ಪ ಹೊತ್ತು ನಿಂತ, ಏನೋ ಬರೆದುಕೊಂಡು ಹೋದ. ನಮಗೆ ಬಹುಮಾನ ಬರಲಿಲ್ಲ, ಕೊನೆಯವರೂ ಆಗಲಿಲ್ಲ.

ಆಮೇಲೆ ಬಿಯರ್ ಅಂಗಡಿಯ ಬೆಂಚಿನ ಮೇಲೆ ಅವರ ಪಕ್ಕ ಕೂತು ಏನೋ ಹೇಳಲು ಹೋದೆ. ಅವರು ಕೈ ಅಡ್ಡ ಮಾಡಿದರು. "ಊದುವವರಿಗೆ ಕಿವಿಯ ಪಕ್ಕದಲ್ಲೇ ತಮ್ಮ ಸದ್ದು. ಇಷ್ಟು ವರ್ಷ ಬ್ಯಾಂಡಿನಲ್ಲಿ ನಿನ್ನ ಜೊತೆ ನಿಂತರೂ ನೀನು ಊದುವುದು ನನಗೆ ಪೂರ್ತಿ ಕೇಳಿಸಿದ್ದು ಇವತ್ತು. ಟ್ಯೂನ್ ಚೆನ್ನಾಗಿದೆ. ಎರಡನೇ ಭಾಗದಲ್ಲಿ ನೀನು ಅವಸರ ಮಾಡುತ್ತೀಯ, ನಿನ್ನ ಹಿಂದೆ ಎಲ್ಲರೂ ಓಡುತ್ತಾರೆ."

ಅಳು ಅರ್ಧಕ್ಕೇ ನಿಂತು ಸಿಟ್ಟು ಬಂತು. ಯೋಚಿಸಿ ನೋಡಿದರೆ ಅವರು ಹೇಳಿದ್ದು ನಿಜ.

ಮುಂದಿನ ಪ್ರೋಬೆಗೆ ಮಾಸ್ತರು ವಾದ್ಯ ತರಲಿಲ್ಲ. ಬರಿಗೈಯಲ್ಲಿ ಬಾಗಿಲ ಬಳಿ ನಿಂತರು, ಒಳಗೆ ಬರಬಹುದೋ ಇಲ್ಲವೋ ಎಂದು ಕೇಳುವವರ ಹಾಗೆ. ನಾನು ಒಂದು ಕುರ್ಚಿ ಎಳೆದು ವೃತ್ತದ ನಟ್ಟನಡುವೆ ಹಾಕಿದೆ. ಅವರು ಬಂದು ಕೂತು ಕಣ್ಣು ಮುಚ್ಚಿಕೊಂಡರು.

"ಎರಡನೇ ಭಾಗ," ಎಂದರು. "ನಿಧಾನ."