ಬಾಲಿಗಂಜಿನ ಜಗಲಿ

"ಅಕ್ಕಾ, ಏಳೇ, ಅದು ಯಾರದೋ ಮನೆ ಜಗಲಿ," ಎಂದು ತಂಗಿ ನನ್ನ ತೋಳು ಹಿಡಿದು ಎಳೆಯುತ್ತಿದ್ದಂತೆಯೇ ಬೆನ್ನ ಹಿಂದೆ ಬಾಗಿಲು ಕಿರುಗುಟ್ಟಿತು. ನನಗೋ ಏಳುವ ತ್ರಾಣವೇ ಇರಲಿಲ್ಲ. ಒಂದು ಕಾಲಕ್ಕೆ ಇಡೀ ದೇಶದ ರಾಜಧಾನಿಯಾಗಿದ್ದ ಊರು, ತಂಗಿಯ ಮನೆಗೆ ಬಂದ ಮೇಲೆ ನೋಡದಿದ್ದರೆ ಹೇಗೆ ಎಂದು ಬೆಳಗಿನಿಂದ ಮೆಟ್ರೊ ಹತ್ತಿಳಿದು, ದಪ್ಪ ಕಂಬಗಳ ಹಳೆಯ ಕಟ್ಟಡಗಳನ್ನೆಲ್ಲ ಸುತ್ತಿ, ಕೋಲ್ಕತ್ತದ ಸೆಖೆಗೆ ಸೋತು ಬಾಲಿಗಂಜಿನ ಆ ಮನೆಯೆದುರು ಕುಸಿದು ಕೂತಿದ್ದೆ. ಊದಿದ ಪಾದಗಳನ್ನು ಚಪ್ಪಲಿ ಕಚ್ಚುತ್ತಿತ್ತು.

ಬಾಗಿಲಲ್ಲಿ ಲುಂಗಿ, ಬನಿಯನ್ನಿನ ವೃದ್ಧರೊಬ್ಬರು ನಿಂತಿದ್ದರು. ಇನ್ನು ಬೈಗುಳವೇ ಗತಿ ಎಂದುಕೊಂಡು "ಸಾರಿ, ಸಾರಿ" ಎನ್ನುತ್ತ ಎದ್ದೆ. ಬೆಂಗಳೂರಿನ ನಮ್ಮ ಬೀದಿಯಲ್ಲಿ ಯಾರೂ ಕೂರದಿರಲಿ ಎಂದೇ ಕಾಂಪೌಂಡಿನ ಕಟ್ಟೆಗೆ ಚೂಪುಗಲ್ಲು ನೆಟ್ಟಿರುತ್ತಾರೆ.

ಅವರು ಹಿಂದಿಯಲ್ಲಿ ಹೇಳಿದ್ದೇ ಬೇರೆ: "ಕೂತ್ಕೊಳ್ಳಿ ದೀದಿ. ಹೋಗೋ ಬರೋರು ಕೂರಲಿ ಅಂತಲೇ ನಮ್ಮಜ್ಜ ಇದನ್ನ ಕಟ್ಟಿಸಿದ್ದು. ಚಳಿಗಾಲಕ್ಕೆ ಮನೆ ಕೆಡವ್ತಾರೆ, ಫ್ಲಾಟ್ ಬರುತ್ತೆ. ಆಮೇಲೆ ಇಲ್ಲಿ ಗೇಟು, ವಾಚ್‌ಮನ್ ಅಷ್ಟೇ."

ಹಾಗೆಂದವರು ಮಂಡಿ ನೀವಿಕೊಳ್ಳುತ್ತ ಜಗಲಿಯ ಇನ್ನೊಂದು ತುದಿಯಲ್ಲಿ ತಾವೂ ಕೂತರು. ಅಷ್ಟು ಹೊತ್ತು ಬಿಂಕದಿಂದ ನಿಂತಿದ್ದ ತಂಗಿಯೂ ನಡುವೆ ಕೂತಳು.

ಪಕ್ಕದ ಕಸ್ಬಾ ಬಡಾವಣೆಯಲ್ಲಿರುವ ತಂಗಿಯ ಅಪಾರ್ಟ್‌ಮೆಂಟಿನ ಕೆಳಗೆ ತಣ್ಣನೆಯ ಎಸಿ, ಮೆತ್ತನೆಯ ಸೋಫಾ ಇದೆ. ಅದರ ಮೇಲಿನ ಗೋಡೆಯಲ್ಲೊಂದು ಫಲಕ: 'ನಿವಾಸಿಗಳಿಗೆ ಮಾತ್ರ'. ಆ ಸಂಜೆ ವಾಚ್‌ಮನ್ ಕೂರಿ ಎಂದರೂ ನಾನು ನಿಂತೇ ಲಿಫ್ಟಿಗೆ ಕಾದೆ.