ಮೊದಲ ಸೀಮಿ ಹೇಳ್ರಿ

ಯಾರಾದರೂ ಬರೀ ಹೆಸರು ಹೇಳಿಕೊಂಡರೆ ಪಕ್ಕದ ಮನೆಯ ದೊಡ್ಡವ್ವನಿಗೆ ಸಾಕಾಗುತ್ತಿರಲಿಲ್ಲ. “ಹೆಸರ ಆಮ್ಯಾಲೆ. ಮೊದಲ ಸೀಮಿ ಹೇಳ್ರಿ,” ಎನ್ನುತ್ತ ಅವರ ಊರಿನ ಎಲ್ಲೆಯನ್ನು ಬೆರಳಿನಿಂದ ನೆಲದ ಮೇಲೆ ಗೀಚುತ್ತಿದ್ದಳು.

ನಮ್ಮ ಗಜೇಂದ್ರಗಡ ಇನ್ನೂ ಮುಂಬಯಿ ರಾಜ್ಯದಲ್ಲಿದ್ದ ಕಾಲ. ಅಕ್ಕನನ್ನು ನೋಡಲು ರೋಣದಿಂದ ಗಂಡಿನವರು ಬಂದಿದ್ದರು. ಹುಡುಗ ಅಕ್ಕನಿಗೆ ಒಪ್ಪಿಗೆಯಾಗಿದ್ದ. ಆದರೆ ನಮ್ಮ ಅಡ್ಡಹೆಸರು ಯಾವಗಲ್, ಅವರದೂ ಯಾವಗಲ್.

“ಒಂದ ರಕ್ತ. ಅಣ್ಣತಂಗಿ ಆಗ್ತಾರ,” ಎಂದು ಮನೆಗೆ ಹಿರಿಯರಾದ ಕಾಕಾ ಎದ್ದೇಬಿಟ್ಟರು.

ಬಾಗಿಲ ಮರೆಯಲ್ಲಿದ್ದ ದೊಡ್ಡವ್ವ ಪಡಸಾಲೆಗೆ ಬಂದಳು. “ಕುಂದರ್ರಿ. ಯಾವಗಲ್ ನನ್ನ ತವರ. ಆ ಊರ ಬಿಟ್ಟವರಿಗೆಲ್ಲಾ ಮಂದಿ ಅದ ಹೆಸರ ಹಚ್ಚತಾರ. ನಿಮ್ಮ ಹಿರೇರ ಹೊಲ ಯಾವ ಸೀಮಿಗೆ ಹತ್ತಿತ್ತು?”

“ನರಗುಂದದ ಕಡೆ,” ಎಂದರು ಕಾಕಾ.

“ನಮ್ದು ರೋಣದ ಕಡೆರೀ,” ಎಂದರು ಹುಡುಗನ ತಂದೆ.

ದೊಡ್ಡವ್ವ ನೆಲಕ್ಕೆ ಕೂತು ಗೆರೆ ಎಳೆದಳು. “ಅಣ್ಣತಮ್ಮರು ಪಾಲಾದ್ರ ಹೊಲದ ನಡುವ ಬದು ಇರತೈತಿ. ಇಲ್ಲಿ ನಡುವ ಊರ ಕುಂತೈತಿ! ಹ್ಯಾಂಗ ಒಂದ ರಕ್ತರೀ?”

“ಹೆಂಗಸರ ಮಾತ ಕೇಳಿ ಲಗ್ನಾ ಮಾಡಬೇಕೇನ?” ಎಂದು ಕಾಕಾ ಸಿಡುಕಿದರು.

“ಕೇಳಬ್ಯಾಡ್ರಿ. ಹೋಗಿ ಎರಡೂ ಹೊಲಾ ನೋಡಿ ಬರ್ರಿ.”

ಕಾಕಾ ಮತ್ತೆ ಕೂತರು. ಆದರೂ ಅವರ ಅಂಜಿಕೆಗೆ, ಸಂಬಂಧ ಒಪ್ಪಿದ ಗುರುತಾಗಿ ಅಕ್ಕನ ಉಡಿ ತುಂಬಲು ಯಾವ ಮುತ್ತೈದೆಯೂ ಏಳಲಿಲ್ಲ. ಗಂಡ ಸತ್ತವಳು ಉಡಿ ತುಂಬುವ ಹಾಗಿರಲಿಲ್ಲ. ಗಂಡನಿಲ್ಲದ ದೊಡ್ಡವ್ವ ಅಕ್ಕಿ, ಕೊಬ್ಬರಿ ಇದ್ದ ತಾಟನ್ನು ತಾನೇ ಎತ್ತಿಕೊಂಡಳು.

“ಸೆರಗ ಹಿಡಿ, ಮಗಳ.”

ಅಕ್ಕ ಕಾಕಾನ ಮುಖ ನೋಡಲಿಲ್ಲ. ಎರಡೂ ಕೈಯಿಂದ ಸೆರಗೊಡ್ಡಿದಳು.