ದೇವಿಕೊಪ್ಪಕ್ಕೆ ಒಯ್ದ ಗಾಜಿನ ಕೋಶ

ಧಾರವಾಡದಿಂದ ಬೆಳಿಗ್ಗೆ ಏಳರ ಬಸ್ಸಿಗೆ ಹೊರಟೆ. ತೊಡೆಯ ಮೇಲೆ, ಹತ್ತಿಯಲ್ಲಿ ಸುತ್ತಿದ ಗಾಜಿನ ಕೋಶದ ಡಬ್ಬಿ. ಹೆಣ್ಣುಮಕ್ಕಳಿಗೆ ಟಿಕೆಟ್ ಪುಕ್ಕಟೆಯಾದರೂ ಡಬ್ಬಿಯನ್ನು ಮೇಲಿಡಲು ಕಂಡಕ್ಟರ್ ಗಂಟುಬಿದ್ದ. “ಒಡೀತೈತ್ರೀ, ಬ್ಯಾಡ!” ಎಂದು ಜಗಳವಾಡಿ ಉಳಿಸಿಕೊಂಡೆ.

ಈ ಕೋಶದ ಗಾಳಿಯನ್ನೆಲ್ಲ ತೆಗೆದು, ಒಳಗೆ ಒಂದಿಷ್ಟು ಪರಮಾಣುಗಳನ್ನು ಲೇಸರಿನಿಂದ ತಣ್ಣಗಾಗಿಸಿ, ಹೆಚ್ಚುಕಡಿಮೆ ಅಲುಗದಂತೆ ನಿಲ್ಲಿಸುತ್ತೇವೆ. ಬೆಳಕು ತಂದ ಕ್ವಾಂಟಂ ಮಾಹಿತಿಯನ್ನು ಅವುಗಳಲ್ಲಿಟ್ಟು ಮರಳಿ ಪಡೆಯಬೇಕು. ಐದು ವರ್ಷ ಹೆಣಗಿ ಒಂದೇ ಒಂದು ಸಲ ಪಡೆದಿದ್ದೆ. ಒಂದು ಸಲದ್ದನ್ನು ಯಾರೂ ಒಪ್ಪುವುದಿಲ್ಲ. ಮುಂದಿನ ವಾರ ಪರೀಕ್ಷಕರೆದುರು ಮತ್ತೆ ತೋರಿಸದಿದ್ದರೆ ನನಗೆ ಪಿಎಚ್‌ಡಿ ಇಲ್ಲ. ಅಷ್ಟರಲ್ಲಿ ಕೋಶದ ಕೊರಳು ಕೂದಲೆಳೆಯಷ್ಟು ಸೀಳಿ, ಗಾಳಿ ನುಗ್ಗತೊಡಗಿತ್ತು. ಗಾಳಿ ಬಡಿದರೆ ಪರಮಾಣುಗಳಲ್ಲಿ ಇಟ್ಟದ್ದೆಲ್ಲ ಹಾಳು.

ಕಲಘಟಗಿಯಲ್ಲಿ ಇಳಿದು ಹತ್ತು ರೂಪಾಯಿಯ ಚಹಾ ಕುಡಿದೆ. ಇನ್ನೊಂದು ಬಸ್ಸು ಹಿಡಿದು ದೇವಿಕೊಪ್ಪ ಮುಟ್ಟಿದಾಗ ಬಿಸಿಲು ಚುರುಗುಟ್ಟುತ್ತಿತ್ತು.

ದಸ್ತಗೀರ ಕಾಕಾ ಕಾಲೇಜಿನ ಲ್ಯಾಬುಗಳಿಗೆ ಗಾಜು ಊದಿಕೊಟ್ಟು ನಿವೃತ್ತರಾದವರು; ಆ ಸೀಳನ್ನು ಬೆಸೆಯಬಲ್ಲವರೆಂದರೆ ಅವರೇ. ಅಂಗಳದಲ್ಲೇ ಕುಳಿತು, ಕೋಶವನ್ನು ಎರಡು ಪೋಲರಾಯ್ಡ್ ಹಾಳೆಗಳ ನಡುವೆ ಬೆಳಕಿಗೆ ಹಿಡಿದರು. ಗಾಜಿನ ತುಂಬ, ಒಳಗಿನ ಬಿಗಿ ತೋರುವ ಬಣ್ಣದ ಪಟ್ಟೆಗಳೆದ್ದವು.

“ಇದನ್ನ ಕಾಸಿ ಆರಿಸಿದವ್ರು ಯಾರವಾ?”

“ನಾನರೀ ಕಾಕಾ.”

“ಎಷ್ಟೊತ್ತು ಆರಿಸಿದಿ?”

ಕಾಸಿದ ಗಾಜು ಇಡೀ ದಿನ ಮೆಲ್ಲಗೆ ಆರಬೇಕಾದದ್ದು. ನನ್ನ ಹಾಳು ಅವಸರ! ನನ್ನ ಪಿಎಚ್‌ಡಿ ಗೈಡ್ ಕೇಳಿದಾಗ, ಬಂದ ಗಾಜೇ ಕಳಪೆಯದೆಂದು ಸುಳ್ಳು ಹೇಳಿದ್ದೆ. ಇವರ ಮುಂದೆ ಸುಳ್ಳು ಬಾಯಿಗೆ ಬರಲಿಲ್ಲ.

“ಒಂದ ತಾಸರೀ.”

“ಹಂಗಾದ್ರ ಬಿಗಿಯೆಲ್ಲಾ ಒಳಗ ಕುಂತೈತಿ. ಉರಿ ತಾಗಿದ್ರ ಉಳಿಯೂದು ಕಷ್ಟ ನೋಡವಾ. ಹಂಗ ವಾಪಸ್ ಒಯ್ತಿಯೇನು?”

“ಒಯ್ದು ಏನ್ ಮಾಡ್ಲಿ ಕಾಕಾ? ತಾಗಿಸ್ರಿ.”

ಕಾಕಾ ಉರಿಯನ್ನು ದೂರದಿಂದ ಮೆಲ್ಲಗೆ ತಂದರು. ಟಕ್ ಎಂದು ಕೋಶ ಚೂರಾಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುವುದು ನನ್ನಂಥವರಿಗೇ. ಅಂಗಳದಲ್ಲೇ ಕುಳಿತು ಜೋರಾಗಿ ಅತ್ತೆ. ರೊಟ್ಟಿ ತಿಂದು ಹೋಗೆಂದು ಕಾಕಾ ಒತ್ತಾಯಿಸಿದರು, ಆಗಲಿಲ್ಲ. ತಿರುವಿನಲ್ಲಿ ಹಿಂತಿರುಗಿ ನೋಡಿದಾಗ ಅವರು ಬಗ್ಗಿ ಚೂರು ಆಯುತ್ತಿದ್ದರು.

ಬಸ್ಸಿಗೆ ಕಾಯುವಾಗ ಗೈಡ್‌ಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ಅವಸರ, ಸುಳ್ಳು, ಚೂರಾದದ್ದು. ಅವರು ಬೈಯಲಿಲ್ಲ.

“ಹಂಗಾದ್ರ ಆ ಒಂದ ಸಲ ಬೆಳಕು ವಾಪಸ್ ಬಂದಿದ್ದೂ ಸುಳ್ಳೇನು?”

“ಅದು ಖರೇ ಸರ್,” ಎಂದೆ. “ದೇವರಾಣೆ, ಅದು ಖರೇ.”

ಫೋನು ಆಗಲೇ ಕಟ್ಟಾಗಿತ್ತು.